ಓಡ್ನಿಯ ಒಂದಕ್ಷರ

ದೇಶದ ಉತ್ತರ ತುದಿಯ ನಮ್ಮ ವಾರ್ಡೋದಲ್ಲಿ ‘ನಾನು’ ಎನ್ನುವುದಕ್ಕೆ ಒಂದೇ ಅಕ್ಷರ. ‘ಆ್ಯ.’ ಅಷ್ಟೇ. ಬಾಯಿ ಅಗಲಿಸಬೇಕು, ಉಸಿರು ಬಿಡಬೇಕು, ಮುಗಿಯಿತು. ದಕ್ಷಿಣದ ರಾಜಧಾನಿ ಓಸ್ಲೋದವರಿಗೆ ಅದು ಕುರಿ ಅರಚಿದ ಹಾಗೆ ಕೇಳಿಸುತ್ತದಂತೆ. ಅವರು ‘ಯೈ’ ಎನ್ನುತ್ತಾರೆ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರಂತೆ. ಇರಲಿ, ಅವರ ಬಾಯಿ ಅವರದು. ಆದರೆ ನಮ್ಮ ಬಾಯಿಯ ಮೇಲೂ ಅವರದೇ ಯಜಮಾನಿಕೆ ಎಂದರೆ ಈ ಆಸ್ತಾ ಕೇಳಿಸಿಕೊಂಡು ಕೂರುವ ಹೆಂಗಸಲ್ಲ.

ನಾವು ಮೂವರು, ಓಡ್ನಿ, ಗೆರ್ಡಾ, ನಾನು, ಮೀನಿನ ಕಾರ್ಖಾನೆಯಲ್ಲಿ ಒಂದೇ ಮೇಜಿನ ಮುಂದೆ ನಿಂತು ಕಾಡ್ ಮೀನು ಸೀಳುತ್ತಾ ಮುದುಕಿಯರಾದವರು. ಕಾರ್ಖಾನೆ ಮುಚ್ಚಿತು, ಮೇಜೂ ಹೋಯಿತು, ನಾವು ಉಳಿದೆವು. ಈಗ ಪ್ರತಿ ಗುರುವಾರ ಹೊಲಿಗೆ ಸಂಘ ಎಂದು ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಸೂಜಿ ಯಾರೂ ಮುಟ್ಟುವುದಿಲ್ಲ. ಕಾಫಿ ಕುಡಿಯುತ್ತೇವೆ, ಊರ ಮೇಲಿನ ಮಾತು ಆಡುತ್ತೇವೆ.

ಓಡ್ನಿ ನಮ್ಮ ಕಾರ್ಮಿಕ ಸಂಘದ ಮುಂದಾಳಾಗಿದ್ದವಳು. ಮೇಸ್ತ್ರಿಗಳ ಮುಖದ ನೀರಿಳಿಸಿದವಳು. ನಮ್ಮ ನಡುವೆ ಇದ್ದಾಗ ಅವಳ ನಾಲಿಗೆ ನಮ್ಮ ಚಾಕುಗಳಿಗಿಂತ ಚುರುಕು. ಆದರೆ ದಕ್ಷಿಣದವರು ಯಾರಾದರೂ ಎದುರಿಗೆ ಬಂದು ನಿಂತರೋ, ಆ ನಾಲಿಗೆ ತಾನಾಗಿ ಮಡಚಿಕೊಳ್ಳುತ್ತದೆ. ‘ಆ್ಯ’ ಹೋಗಿ ‘ಯೈ’ ಬರುತ್ತದೆ. ಆಸ್ಪತ್ರೆಗೆ ಫೋನು ಮಾಡಿದರೂ ಯೈ, ದಾರಿ ತಪ್ಪಿದ ಪ್ರವಾಸಿ ಕೋಟೆ ಎಲ್ಲಿ ಎಂದು ಕೇಳಿದರೂ ಯೈ.

ಇದು ಹುಟ್ಟುಗುಣವಲ್ಲ, ಮೆತ್ತಿದ್ದು. ಹದಿನೆಂಟರ ಹುಡುಗಿಯಾಗಿದ್ದಾಗ ಅವಳು ಕೆಲಸ ಹುಡುಕಿಕೊಂಡು ಓಸ್ಲೋಗೆ ಹೋಗಿದ್ದಳು. ‘ಕೋಣೆ ಬಾಡಿಗೆಗಿದೆ, ಉತ್ತರದವರು ಬೇಡ’ ಎಂದು ಪೇಪರಿನಲ್ಲಿ ರಾಜಾರೋಷವಾಗಿ ಅಚ್ಚಾಗುತ್ತಿದ್ದ ಕಾಲ ಅದು. ಅರಮನೆ ರಸ್ತೆಯ ಹತ್ತಿರದ ಒಂದು ಕಾಫಿಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಕೊಡುವ ಮನಸ್ಸು ನನಗಿಲ್ಲ. ಮೊದಲ ದಿನ ಇವಳು ಒಬ್ಬ ಗಿರಾಕಿಗೆ “ಆ್ಯ ಈಗ ತಂದೆ” ಎಂದಳಂತೆ. ಯಜಮಾನಿ ಇವಳನ್ನು ಪಕ್ಕಕ್ಕೆ ಕರೆದು ಹೇಳಿದಳಂತೆ: “ನೀವು ಮಾತಾಡುವುದು ರಾರ್. ಇಲ್ಲಿ ನೀವು ಬಾಯಿ ಬಿಡಬೇಡಿ. ತಲೆಯಾಡಿಸಿದರೆ ಸಾಕು.”

ರಾರ್ ಎಂದರೆ ವಿಚಿತ್ರ. ಎಡವಟ್ಟು. ತಲೆ ನೆಟ್ಟಗಿಲ್ಲದವರಿಗೆ ಹೇಳುವ ಮಾತು. ಒಂದು ಇಡೀ ಚಳಿಗಾಲ ನಮ್ಮ ಓಡ್ನಿ ಆ ಕಾಫಿಮನೆಯಲ್ಲಿ ತಲೆಯಾಡಿಸಿದಳು. ಉಗ್ರಾಣದಲ್ಲಿ ಒಬ್ಬಳೇ ಇದ್ದಾಗ ಹಿಟ್ಟಿನ ಮೂಟೆಗಳಿಗೆ ಯೈ, ಯೈ ಎಂದು ಹೇಳಿ ಅಭ್ಯಾಸ ಮಾಡಿದಳು. ವಸಂತಕ್ಕೆ ಊರಿಗೆ ವಾಪಸಾದಳು, ಆದರೆ ಆ ಯೈ ಅವಳ ಜೊತೆಗೇ ಬಂತು.

ಅದರ ಬೆಲೆ ತೆತ್ತದ್ದು ಕಾರ್ಖಾನೆ ಮುಚ್ಚುವ ಸಭೆಯಲ್ಲಿ. ಓಸ್ಲೋದಿಂದ ಕೋಟು ಹಾಕಿಕೊಂಡವರು ಬಂದಿದ್ದರು. ನಮ್ಮ ಪರವಾಗಿ ಓಡ್ನಿ ಎದ್ದು ನಿಂತಳು. ಮೇಸ್ತ್ರಿಗಳನ್ನು ನಡುಗಿಸಿದ ಬಾಯಿ ತೆರೆಯಿತು, ಹೊರಗೆ ಬಂದದ್ದೇನು? ಅದೇ ಯೈ. “ನಾನು ತಮ್ಮಲ್ಲಿ ಅತ್ಯಂತ ವಿನಯದಿಂದ ಕೇಳಿಕೊಳ್ಳುವುದೇನೆಂದರೆ...” ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಓಸ್ಲೋದವರದು ಆಗಲೇ ಕೇಳಿದ್ವಲ್ಲ, ನಮ್ಮ ಪೈಕಿ ಯಾರ್ ಮಾತಾಡ್ತಾರ ಈಗ?” ಸಭೆಗೆ ಸಭೆಯೇ ನಕ್ಕಿತು. ಓಡ್ನಿ ಕುಳಿತುಬಿಟ್ಟಳು. ಅವಳು ಹೇಗೆ ಮಾತಾಡಿದ್ದರೂ ಕಾರ್ಖಾನೆ ಮುಚ್ಚುತ್ತಿತ್ತು, ಅದು ನನಗೂ ಗೊತ್ತು, ನಕ್ಕವರಿಗೂ ಗೊತ್ತು. ಓಡ್ನಿಗೆ ಮಾತ್ರ ಅದನ್ನು ನಂಬಲು ಆಗಲಿಲ್ಲ.

ಈ ಚಳಿಗಾಲದಲ್ಲಿ ಒಂದು ಗುರುವಾರ ಅವಳು ಕಾಫಿ ಲೋಟ ಕೆಳಗಿಟ್ಟು ಹೇಳಿದಳು.

“ಬರೂ ತಿಂಗಳ ನನಗ ಎಪ್ಪತ್ತು ತುಂಬತೈತಿ. ಉಡುಗೊರಿ ಪಡುಗೊರಿ ಏನೂ ಬ್ಯಾಡ. ನನ್ನ ಜೋಡಿ ಓಸ್ಲೋಕ್ಕ ಬರ್ರಿ. ಆ ಕಾಫಿಮನಿಗೆ ಹೋಗಬೇಕು, ಗಿರಾಕಿ ಆಗಿ ಕುಂದರಬೇಕು, ‘ಆ್ಯ’ ಅಂತ ಬಾಯಿಬಿಟ್ಟು ಹೇಳಿ ಒಂದು ಕಾಫಿ, ಒಂದು ನೆಪೋಲಿಯನ್ ಕೇಕ್ ತರಸ್ಕೊಂಡು ತಿನಬೇಕು. ಸಾಯೂದರೊಳಗ ಅದೊಂದು ಆಗಬೇಕು.”

“ಒಂದ್ ಅಕ್ಷರ ಹೇಳಾಕ ವಿಮಾನ ಹತ್ತಬೇಕೇನಬೇ?” ಎಂದಳು ಗೆರ್ಡಾ. “ಇಲ್ಲೇ ಹೇಳು. ಕೇಕ್ ನಾ ಮಾಡಿಕೊಡ್ತೀನಿ.”

“ಇಲ್ಲಿ ಹೇಳಾಕ ಬರತೈತಿ. ಅಲ್ಲಿ ಬರೂದಿಲ್ಲ. ಅದಕ್ಕs ಹೋಗೂದು.”

“ಬರ್ಲಿಲ್ಲಂದ್ರ?”

“ಬರ್ಲಿಲ್ಲಂದ್ರ ಕೇಕೂ ಇಲ್ಲ, ಕಾಫಿನೂ ಇಲ್ಲ, ಸುಮ್ನ ಎದ್ದು ಬರೂದು. ಇನ್ನೊಂದ್ ಮಾತು. ನನ್ನ ಪರವಾಗಿ ನೀವಿಬ್ಬರೂ ಬಾಯಿ ಹಾಕಂಗಿಲ್ಲ. ಆಸ್ತಾ, ನಿನಗs ಹೇಳಾಕತ್ತೀನಿ.”

ನನಗೆ ಯಾಕೆ ಬೇರೆಯಾಗಿ ಹೇಳಬೇಕು ಎಂದು ಸಿಟ್ಟು ಬಂತು. ಆದರೂ ಒಪ್ಪಿಕೊಂಡೆ.

ನಾನೂ ಒಂದು ಕರಾರು ಹಾಕಿದೆ. ಓಸ್ಲೋದ ಬೆಲೆ ಎಂದರೆ ಇದೇ ದೇಶದಲ್ಲಿ ಹುಟ್ಟಿ ಬೆಳೆದ ನಮಗೂ ಎದೆ ಝಲ್ ಎನ್ನುತ್ತದೆ. ಬೆಲೆ ನೋಡಿ ಯಾರೂ ಕಣ್ಣು ಅಗಲ ಮಾಡಬಾರದು, ಹ್ಹಾ ಎಂದು ಉಸಿರೆಳೆಯಬಾರದು. ನಾವು ಕಡಲ ಬಿರುಗಾಳಿಗೆ ಹೆದರಿದವರಲ್ಲ, ಬಿಲ್ಲಿಗೆ ಹೆದರುತ್ತೇವೆಯೇ? ಓಡ್ನಿ ಹೂಂ ಎಂದಳು. ಗೆರ್ಡಾ ಮಾತ್ರ ಬ್ರೆಡ್ಡು ಎಷ್ಟು ಬೇಕಾಗಬಹುದು ಎಂದು ಯೋಚಿಸತೊಡಗಿದಳು. ಅವಳು ಎಲ್ಲಿಗೆ ಹೋದರೂ ಕಂದು ಚೀಸು ಹಾಕಿದ ಬ್ರೆಡ್ಡಿನ ಬುತ್ತಿ ಮತ್ತು ಕಾಫಿಯ ಥರ್ಮಾಸು ಹೆಗಲಲ್ಲಿ ಇರಲೇಬೇಕು.

ಮುಂದಿನ ತಿಂಗಳು ಒಂದು ಶುಕ್ರವಾರ ಹೊರಟೆವು. ವಿಮಾನ ಇಳಿದು ಪಟ್ಟಣದ ರೈಲು ಹತ್ತಿದಾಗ ನಾನು ಡಬ್ಬಿಯಲ್ಲಿದ್ದ ಎಲ್ಲರಿಗೂ “ಹೈ” ಎಂದೆ. ನಮ್ಮೂರಲ್ಲಿ ನಾಯಿಗೂ ಹೈ ಎನ್ನುತ್ತೇವೆ. ಇಲ್ಲಿ ಎಲ್ಲರೂ ಒಟ್ಟಿಗೆ ಫೋನಿನೊಳಗೆ ತಲೆ ತೂರಿಸಿದರು, ನಾನು ಚಂದಾ ಎತ್ತಲು ಬಂದವಳೇನೋ ಎಂಬಂತೆ.

“ಕಿಡಕ್ಯಾಗ ಏನೂ ಕಾಣವಲ್ದು,” ಎಂದು ಗಿಡಮರವೇ ಬೆಳೆಯದ ನಮ್ಮೂರಿನ ಗೆರ್ಡಾ ಗೊಣಗಿದಳು. “ಬರೇ ಗಿಡ. ಗಿಡದ ಮುಂದ ಗಿಡ. ಈ ಮಂದಿ ಹೊರಗ ಏನ್ ನಡದೈತಿ ಅಂತ ಹೆಂಗ ನೋಡ್ತಾರ?”

ಒಂದು ನಿಲ್ದಾಣದಲ್ಲಿ ಹತ್ತಿದ ಗಂಡಸೊಬ್ಬ ಓಡ್ನಿಯ ಪಕ್ಕದ ಖಾಲಿ ಸೀಟಿನ ಮುಂದೆ ನಿಂತ. ಓಡ್ನಿ ಬೆನ್ನು ನೆಟ್ಟಗೆ ಮಾಡಿ, “ದಯವಿಟ್ಟು ಕುಳಿತುಕೊಳ್ಳಿ, ನಾನು ಸ್ವಲ್ಪ ಸರಿಯುತ್ತೇನೆ” ಎಂದಳು. ಯೈ! ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ. ಗೆರ್ಡಾ ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ಕಿಸಕ್ಕೆಂದಳು. ನಾನು ಅವಳ ಕಾಲು ತುಳಿದೆ.

“ಬಂತು,” ಎಂದಳು ಓಡ್ನಿ ಮೆಲ್ಲಗೆ.

“ಬರ್ಲಿ ಬಿಡು. ಇದು ರೈಲು. ಲೆಕ್ಕಕ್ಕಿಲ್ಲ,” ಎಂದೆ.

ಹೋಟೆಲಿನ ಕೌಂಟರಿನಲ್ಲೂ ಅದೇ ಆಯಿತು. “ನಾನು ಒಂದು ಕೊಠಡಿಯನ್ನು ಕಾಯ್ದಿರಿಸಿದ್ದೆ.” ಅಂಗಡಿಯಲ್ಲಿ ಕೈಗವಸು ನೋಡುವಾಗಲೂ ಅದೇ. ಪ್ರತಿ ಸಲವೂ ಬಾಯಿ ತೆರೆಯುವ ಮೊದಲು ಅವಳ ತುಟಿ ಆ್ಯ ಎನ್ನಲು ಅಗಲವಾಗುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಏನೋ ಆಗಿ ಮುದುಡಿಕೊಂಡು ಯೈ ಬರುತ್ತಿತ್ತು. ಯಾರ ಮೇಲೆ ಕೂಗಾಡಬೇಕೋ ಗೊತ್ತಾಗದೆ ನಾನು ಕೈಗವಸಿನ ಅಂಗಡಿಯವನ ಮೇಲೆ ಕೂಗಾಡಿದೆ, ಪಾಪ.

ಸಂಜೆ ಬಂದರಿನ ಹತ್ತಿರದ ಊಟದ ಮನೆಗೆ ಹೋದೆವು. ಮೇಜಿನ ಮೇಲೆ ಮೇಣದ ಬತ್ತಿ, ತಟ್ಟೆ ನಮ್ಮೂರಿನ ಮೀನಿನ ಬುಟ್ಟಿಯಷ್ಟು ದೊಡ್ಡದು, ಅದರ ನಟ್ಟನಡುವೆ ಅಂಗೈಯಷ್ಟು ಮೀನು. ಬಾರೆಂಟ್ಸ್ ಸಮುದ್ರದ ಕಾಡ್ ಎಂದು ಪರಿಚಾರಕ ಹೇಳಿದ, ದೇವರ ಹೆಸರು ಹೇಳುವಷ್ಟು ಭಕ್ತಿಯಿಂದ. ಅದು ನಮ್ಮ ಮನೆಯ ಕಿಟಕಿಯಿಂದ ಕಾಣುವ ಕಡಲು. ನನಗೆ ಎದೆ ಉಬ್ಬಿತು. ನೋಡಿ, ಇಷ್ಟು ದುಬಾರಿ ಊರಿನಲ್ಲಿ ಅತಿ ದುಬಾರಿ ತಟ್ಟೆಯ ಮೇಲೆ ಕುಳಿತಿರುವುದು ನಮ್ಮೂರಿನವನೇ!

ಆಮೇಲೆ ಪರಿಚಾರಕ ಒಂದು ವೈನಿನ ಹೆಸರು ಹೇಳಿ, ಅದರ ಬೆಲೆಯನ್ನೂ ಹೇಳಿದ. ಗೆರ್ಡಾ ಕರಾರು ಮರೆತಳು. “ಹ್ಹಾ!” ಎಂದು ಉಸಿರು ಒಳಕ್ಕೆ ಎಳೆದುಕೊಂಡಳು. ನಮ್ಮ ದೇಶದಲ್ಲಿ ಉಸಿರು ಒಳಕ್ಕೆಳೆದರೆ ಹೌದು ಎಂದು ಅರ್ಥ. ಅದರಲ್ಲೂ ಉತ್ತರದವರು ಅರ್ಧ ಮಾತನ್ನು ಹಾಗೆಯೇ ಆಡುವುದು. “ಒಳ್ಳೆಯ ಆಯ್ಕೆ,” ಎಂದು ಅವನು ಬಗ್ಗಿ ನಮಸ್ಕರಿಸಿ ಬಾಟಲಿ ತರಲು ಹೊರಟೇಬಿಟ್ಟ.

“ಲೇ ಆಸ್ತಾ, ಅಂವನ್ನ ಕರಿಯs! ನಾ ಹೂಂ ಅನ್ಲಿಲ್ಲs!”

“ಅಂದಿ. ನಾ ಕೇಳೀನಿ.”

“ಹೆದರಿಕಿಲೆ ಉಸಿರು ಎಳದೆ!”

“ಎಳದದ್ದು ಎಳದಿ. ಈಗ ಮುಖ ಕಲ್ಲ ಮಾಡ್ಕೊಂಡು ಕುಡಿ.”

ಓಡ್ನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಇಡೀ ದಿನದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ. ಗೆರ್ಡಾ ಒಂದೊಂದು ಗುಟುಕಿಗೂ ಪ್ರಾರ್ಥನೆ ಮಾಡುವವಳ ಹಾಗೆ ಕಣ್ಣು ಮುಚ್ಚಿ ಕುಡಿದಳು, ಲೋಟದಲ್ಲಿ ಒಂದು ಹನಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಓಡ್ನಿ ಬಿಳಿ ರವಿಕೆ ಹಾಕಿ, ಅದರ ಮೇಲೆ ಅಮ್ಮನ ಬೆಳ್ಳಿಯ ಪದಕ ಚುಚ್ಚಿಕೊಂಡಳು. ಮದುವೆಗೆ, ರಾಷ್ಟ್ರದ ಹಬ್ಬಕ್ಕೆ ಮಾತ್ರ ಹೊರಗೆ ಬರುವ ಪದಕ ಅದು. ನಮಗೂ ಹುರುಪು ಬಂತು. ಆದರೆ ಅರಮನೆ ರಸ್ತೆಯ ಬದಿಯ ಒಂದು ಬೆಂಚಿನ ಹತ್ತಿರ ಬಂದದ್ದೇ ಅವಳು ಕುಳಿತುಬಿಟ್ಟಳು. ಹಿಮ ಒರೆಸಲೂ ಇಲ್ಲ.

“ವಸ್ತುಸಂಗ್ರಹಾಲಯ ನೋಡೂಣು ನಡೀರಿ,” ಎಂದಳು. “ಹಳೀ ಹಡಗ ಇಟ್ಟಾರಂತ. ಕೇಕ್ ಎಲ್ಲೂ ಸಿಗತೈತಿ.”

ನನಗೆ ಉರಿದು ಹೋಯಿತು.

“ಹಡಗ? ಹುಟ್ಟಿದಾಗಿಂದ ಹಡಗs ನೋಡ್ಕೋತ ಬಂದೀವಿ, ಇಲ್ಲಿ ರೊಕ್ಕಾ ಕೊಟ್ಟು ಹಡಗ ನೋಡಬೇಕೇನು? ನೀ ಯಾರಿಗೆ ಹೆದರಾಕತ್ತೀ ಓಡ್ನಿ? ಆ ಯಜಮಾನಿ ಸತ್ತು ಮಣ್ಣಾಗಿ ಎಷ್ಟೋ ಕಾಲ ಆಗಿರಬೇಕು!”

“ಆಕಿ ಸತ್ತಾಳ,” ಎಂದಳು ಓಡ್ನಿ. “ಆದ್ರ ನನ್ನ ಗಂಟಲದಾಗ ಕುಂತಾಳ. ಇನ್ನೂ ಎದ್ದಿಲ್ಲ.”

ಗೆರ್ಡಾ ಥರ್ಮಾಸು ತೆರೆದು ಅವಳ ಕೈಗೆ ಕಾಫಿ ಕೊಟ್ಟಳು.

“ನಿಮಗ ಇದು ಆಟ ಅನಸತೈತಿ,” ಓಡ್ನಿ ಮುಂದುವರಿಸಿದಳು. “ಸಭಾದಾಗ ನಮ್ಮ ಮಂದಿ ನಕ್ಕರಲ್ಲ, ಅದು ನನಗ ಬ್ಯಾಸರ ಇಲ್ಲ. ಖರೇನs ಅಂದ್ರು. ಅವತ್ತ ಮಾತಾಡಿದಾಕಿ ನಾ ಅಲ್ಲ. ಈಗ ಹೇಳ್ರಿ, ಎದ್ದು ನಿಂತಾಗ ‘ನಾ’ ಅನ್ನಾಕ ಬಾರದಾಕಿ ಯಾರ ಪರ ಮಾತಾಡತಾಳ? ತನ್ನ ಪರಾನೂ ಇಲ್ಲ.”

ನಾನು ಅವಳ ಪಕ್ಕ ಕುಳಿತು ತೋಳು ಹಿಡಿದುಕೊಂಡೆ. ಅವಳಿಗಾಗಿ ನಾನೇ ಹೋಗಿ ಇಡೀ ಓಸ್ಲೋಗೆ ಕೇಳುವ ಹಾಗೆ ಆ್ಯ ಎಂದು ಕೂಗಿ ಬರಬೇಕು ಎನ್ನಿಸಿತು. ಆದರೆ ಮಾತು ಕೊಟ್ಟಿದ್ದೆನಲ್ಲ.

“ಹಡಗ ನೋಡಾಕ ಬ್ರೆಡ್ ಸಾಲೂದಿಲ್ಲ,” ಎಂದಳು ಗೆರ್ಡಾ ಕೊನೆಗೆ. “ನನಗ ಹಸಿವಿ. ನಡಿ, ಒಳಗ ಹೋಗಿ ಕುಂದರೂಣು. ಬರ್ಲಿಲ್ಲಂದ್ರ ಎದ್ದು ಬರೂಣು, ನೀನs ಹೇಳೀಯಲ್ಲ.”

ಓಡ್ನಿ ಕಾಫಿ ಮುಗಿಸಿ ಎದ್ದಳು.

ಕಾಫಿಮನೆಯ ಬಾಗಿಲಿಗೆ ಹಿತ್ತಾಳೆಯ ಹಿಡಿ. ಓಡ್ನಿ ಅದರ ಮೇಲೆ ಕೈ ಇಟ್ಟು ಒಂದು ಗಳಿಗೆ ನಿಂತಳು. “ಇದನ್ನ ದಿನಾ ತಿಕ್ಕತಿದ್ದೆ,” ಎಂದಳು. ಒಳಗೆ ಗೋಡೆ ತುಂಬ ಕನ್ನಡಿ, ಗಾಜಿನ ಕಪಾಟಿನಲ್ಲಿ ಕೇಕು, ಮೆತ್ತಗೆ ಮಾತಾಡುವ ಜನ. ಚಮಚ ಬಿದ್ದರೂ ಕ್ಷಮಿಸಿ ಎನ್ನುವಂಥ ಜಾಗ. ನಾವು ಕಿಟಕಿಯ ಹತ್ತಿರ ಕುಳಿತೆವು. ಗೆರ್ಡಾ ಥರ್ಮಾಸನ್ನು ಮೇಜಿನ ಕೆಳಗೆ ಅಡಗಿಸಿದಳು.

ಬಂದ ಪರಿಚಾರಿಕೆ ಪಕ್ಕದ ದೇಶ ಸ್ವೀಡನ್ನಿನವಳು, ಅವರ ಮಾತು ನಮಗೆ, ನಮ್ಮದು ಅವರಿಗೆ ತಿಳಿಯುತ್ತದೆ. ಓಸ್ಲೋದಲ್ಲಿ ಕಾಫಿ ತಂದುಕೊಡುವವರಲ್ಲಿ ಅರ್ಧ ಜನ ಆ ದೇಶದವರೇ. ಎದೆಯ ಮೇಲಿನ ಬಿಲ್ಲೆಯಲ್ಲಿ ಎಬ್ಬಾ ಎಂದಿತ್ತು. ಮೂವತ್ತು ದಾಟಿದ, ಕೆಂಪು ಕೆನ್ನೆಯ ಹೆಂಗಸು. ತನ್ನ ಊರಿನ ರಾಗದಲ್ಲೇ, ಯಾರ ಅಪ್ಪಣೆಯೂ ಬೇಡ ಎನ್ನುವ ಹಾಗೆ ಗಟ್ಟಿಯಾಗಿ ಕೇಳಿದಳು. “ಹೈ ಹೈ! ಎಂತ ಕೊಡ್ಲಿ ನಿಮಗೆ?”

ನಾನು ಮೇಜಿನ ಅಂಚು ಹಿಡಿದುಕೊಂಡೆ. ಓಡ್ನಿಯ ತುಟಿ ಅಗಲವಾಯಿತು. ಅಗಲವಾಗಿ, ನಡುಗಿ, ಮುದುಡಿತು.

“ನಾನು... ನಮಗೆ ಸ್ವಲ್ಪ ಸಮಯ ಕೊಡುತ್ತೀರಾ?”

ಯೈ.

“ಅಡ್ಡಿಲ್ಲ, ನಿಧಾನ ನೋಡಿ,” ಎಂದು ಎಬ್ಬಾ ಹೋದಳು.

ಓಡ್ನಿ ಚೀಲ ಎತ್ತಿಕೊಂಡಳು. “ಮುಗೀತು. ನಡೀರಿ.”

“ಕುಂದರs!” ಎಂದೆ ನಾನು.

“ಏನ್ ಕುಂದರೂದು? ನೀನs ಕೇಳಿದ್ಯಲ್ಲ, ಹೆಂಗ ಬಂತು ನೋಡು, ಒಳ್ಳೇ ಎಣ್ಣಿ ಹಚ್ಚಿದಂಗ ಜಾರಿ ಬಂತು! ಎಪ್ಪತ್ ವರ್ಷದ ಮುದುಕಿ, ಒಂದ್ ಕೇಕ್ ಕೇಳಾಕ ಬರ್ಲಿಲ್ಲ ನನಗ!”

“ಬೆರಳು ಮಾಡಿ ತೋರಸು,” ಎಂದಳು ಗೆರ್ಡಾ.

“ನಿನ್ನ ಬೆರಳಿಗಿಷ್ಟು ಬೆಂಕಿ ಹಾಕ! ಬೆರಳು ತೋರಸಾಕ ಇಲ್ಲೀ ತನಕಾ ಬರಬೇಕಿತ್ತೇನು? ತಲಿ ಆಡ್ಸೂದು ಆತು, ಈಗ ಬೆರಳು ಒಂದು ಬಾಕಿ ಇತ್ತು!”

ಹೀಗೆ ನಾವು ಮೂವರೂ ಮೆಲ್ಲಗೆ ಬೈದಾಡುತ್ತಿದ್ದೆವು, ನಮ್ಮ ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂದು ನಿಮಗೆ ಗೊತ್ತಾಗಿರಬೇಕು. ಎಬ್ಬಾ ಯಾವಾಗ ನೀರಿನ ಹೂಜಿ ಹಿಡಿದು ಹಿಂದೆ ಬಂದು ನಿಂತಳೋ ತಿಳಿಯಲಿಲ್ಲ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಮುಖದ ತುಂಬ ನಗು.

“ಅಬ್ಬಾ,” ಎಂದಳು, “ಎಷ್ಟು ರಾರ್ ಮಾತಾಡ್ತೀರಿ ನೀವು!”

ರಾರ್. ಅದೇ ಕೋಣೆಯಲ್ಲಿ, ಅದೇ ಕನ್ನಡಿಗಳ ನಡುವೆ, ಅದೇ ಮಾತು. ನನ್ನ ರಕ್ತ ತಲೆಗೇರಿತು. ಕೊಟ್ಟ ಮಾತು ಗಾಳಿಗೆ ಹೋಗಲಿ ಎಂದು ಎದ್ದೇಬಿಡುತ್ತಿದ್ದೆ. ಆದರೆ ನನಗಿಂತ ಮುಂಚೆ ಓಡ್ನಿ ಎದ್ದಿದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

“ರಾರ್? ಆ್ಯ ರಾರ್?” ಎಂದಳು. “ಆ್ಯ? ಕೇಳವಾ ಇಲ್ಲಿ. ಆ್ಯ ಇದs ಜಾಗಾದಾಗ, ಈ ಕಪಾಟಿನ ಹಿಂದ, ಒಂದು ಚಳಿಗಾಲ ಮೂಕಿ ಹಂಗ ತಲಿ ಆಡಿಸಿದಾಕಿ! ಆ್ಯ ಈ ಬಾಗಲದ ಹಿತ್ತಾಳಿ ತಿಕ್ಕಿದಾಕಿ! ಆವತ್ತ ರಾರ್ ಅನಿಸ್ಕೊಂಡು ಆ್ಯ ಸುಮ್ನ ಹೋದೆ, ಇವತ್ತ ಹೋಗೂದಿಲ್ಲ! ನೀನರೆ ಹೊರಗಿನಾಕಿ, ನಿನ್ನ ಮಾತು ನೀ ಎದಿ ಎತ್ತಿ ಆಡ್ತೀ, ನಿನಗ ಯಾರೂ ಏನೂ ಅನ್ನೂದಿಲ್ಲ. ಆ್ಯ ನನ್ನ ದೇಶದಾಗ ನನ್ನ ಮಾತು ಆಡಿದ್ರ ರಾರ್ ಹೆಂಗಾಕ್ಕೈತಿ? ಆ್ಯ ಹುಟ್ಟಿದ್ದು ಈ ಮಾತಿನಾಗ! ಆ್ಯ ದುಡದದ್ದು, ಮಕ್ಕಳನ್ನ ಬೈದದ್ದು, ಗಂಡನ್ನ ಮಣ್ಣ ಮಾಡಿದ್ದು, ಎಲ್ಲಾ ಈ ಮಾತಿನಾಗ! ಕೇಳಿಸ್ತೇನು?”

ಕೇಳಿಸದೆ ಏನು. ಅರಮನೆಯಲ್ಲಿದ್ದವರಿಗೂ ಕೇಳಿಸಿರಬೇಕು. ಕಾಫಿಮನೆಯಲ್ಲಿ ಒಂದು ಚಮಚವೂ ಅಲುಗಲಿಲ್ಲ. ಎಬ್ಬಾಳ ಕೆಂಪು ಕೆನ್ನೆ ಇನ್ನಷ್ಟು ಕೆಂಪಾಗಿ, ಕೈಯಲ್ಲಿದ್ದ ಹೂಜಿಯ ನೀರು ತುಳುಕಿ ನೆಲಕ್ಕೆ ಬೀಳುತ್ತಿತ್ತು.

“ಅಯ್ಯಯ್ಯೋ, ಇಲ್ಲ ಮಾರಾಯ್ರೆ!” ಎಂದಳು, ಅಳುವ ದನಿಯಲ್ಲಿ. “ನಾನು ಬೈದದ್ದಲ್ಲ! ನಮ್ಮಲ್ಲಿ ರಾರ್ ಅಂದ್ರೆ ಚಂದ ಅಂತ! ಮುದ್ದು ಅಂತ! ನನ್ನ ಅಜ್ಜಿಯನ್ನು ನಾನು ಕರೆಯುವುದೇ ರಾರ್ ಅಜ್ಜಿ ಅಂತ. ನಿಮ್ಮ ಮಾತು ಕೇಳಿ ಖುಷಿ ಆಯ್ತು, ಅದಕ್ಕೇ ಬಾಯಿಗೆ ಬಂತು.”

ಹೌದಲ್ಲ! ಸ್ವೀಡನ್ನಿನವರ ರಾರ್ ಬೇರೆ, ನಮ್ಮ ರಾರ್ ಬೇರೆ. ಅವರ ಟಿವಿ ನೋಡಿ ನೋಡಿ ನಮಗೆ ಗೊತ್ತಿದ್ದದ್ದೇ. ಆದರೆ ಆ ಕೋಣೆಯಲ್ಲಿ, ಆ ಗಳಿಗೆಯಲ್ಲಿ, ಯಾರಿಗೆ ನೆನಪಾಗಬೇಕು? ಓಡ್ನಿ ಬಾಯಿ ತೆರೆದುಕೊಂಡೇ ನಿಂತಿದ್ದಳು. ಮೊದಲು ನಕ್ಕವಳು ಗೆರ್ಡಾ. ಮೇಜಿನ ಮೇಲೆ ತಲೆ ಇಟ್ಟು, ಭುಜ ಕುಣಿಸಿ ನಕ್ಕಳು. ಆಮೇಲೆ ನಾನು. ಆಮೇಲೆ ಎಬ್ಬಾ, ಕಣ್ಣು ಒರೆಸಿಕೊಳ್ಳುತ್ತಾ. ಪಕ್ಕದ ಮೇಜಿನ ಓಸ್ಲೋ ಹೆಂಗಸೊಬ್ಬಳು ಎದ್ದು ಬಂದು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಏನೂ ಹೇಳದೆ ಹೋಗಿ ಕುಳಿತಳು. ಓಸ್ಲೋದವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಓಡ್ನಿ ಎಬ್ಬಾಳ ಒದ್ದೆ ಕೈ ಹಿಡಿದು ಕ್ಷಮೆ ಕೇಳಿದಳು. ನಾನು ಅವಳ ತೋಳು ಜಗ್ಗಿದೆ.

“ಲೇ, ಏನಂದಿ ಗೊತ್ತೈತೇನು?”

“ಭಾಳ ಕೆಟ್ಟ ಮಾತಾಡಿದ್ನೇನು?”

“ಆ್ಯ ಅಂದೀಯs ಹುಚ್ಚಿ! ಬಾಯಿ ತಗದಾಗೊಮ್ಮೆ ಅಂದಿ!”

ಅವಳು ನನ್ನನ್ನು ನೋಡಿದಳು, ಗೆರ್ಡಾಳನ್ನು ನೋಡಿದಳು. ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡಳು. ನಾವು ಗೆದ್ದೆವು ಎಂದುಕೊಂಡೆ. ಗೆರ್ಡಾ ಆಗಲೇ ಕೇಕಿನ ಕಪಾಟಿನ ಕಡೆ ಕತ್ತು ಉದ್ದ ಮಾಡಿದ್ದಳು.

“ಇಲ್ಲ,” ಎಂದಳು ಓಡ್ನಿ. “ಇದು ನಡಿಯೂದಿಲ್ಲ.”

“ಯಾಕ ನಡಿಯೂದಿಲ್ಲ?”

“ಸಿಟ್ಟಿನಾಗ ಬಂದದ್ದು ನಡಿಯೂದಿಲ್ಲ. ಸಿಟ್ಟಿನಾಗ ಯಾರ್ ಬೇಕಾದ್ರೂ ಅಂತಾರ. ಆಕಿ ರಾರ್ ಅನ್ನದಿದ್ರ ಬರತಿತ್ತೇನು? ನಾ ಗಿರಾಕಿ ಹಂಗ ಬರಬೇಕು, ತಣ್ಣಗ ಅನಬೇಕು. ಹಂಗಂತ ನಾನs ಹೇಳಿದ್ದು.”

ಇದಕ್ಕೇ ಅಲ್ಲವೇ ಅವಳನ್ನು ಸಂಘಕ್ಕೆ ಮುಂದಾಳು ಮಾಡಿದ್ದು! ತನಗೆ ಅನುಕೂಲವಾಗುವ ಕಡೆಯೂ ನಿಯಮ ಸಡಿಲ ಬಿಡದ ಹೆಂಗಸು. ಅವಳು ಕೋಟು ಹಾಕಿಕೊಂಡಳು, ಗುಂಡಿ ಹಾಕಿದಳು, ಚೀಲ ತೋಳಿಗೇರಿಸಿ ಬಾಗಿಲು ತೆಗೆದು ಹೊರಗೆ ಹೋದಳು.

“ಎಲ್ಲಿ ಹೋದ್ರು ಅವರು?” ಎಬ್ಬಾ ಗಾಬರಿಯಿಂದ ಕೇಳಿದಳು.

ನಾನು ಅವಳಿಗೆ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ ಹೂಜಿ ಕೆಳಗಿಟ್ಟಳು. ಏಪ್ರನ್ನಿನ ಮಡಿಕೆ ಸರಿಮಾಡಿಕೊಂಡು, ಕಪಾಟಿನ ಹಿಂದೆ, ತನ್ನ ಜಾಗಕ್ಕೆ ಹೋಗಿ ನಿಂತಳು.

ಕಿಟಕಿಯಾಚೆ ಓಡ್ನಿ ಕಾಲುದಾರಿಯ ಮೇಲೆ ನಮಗೆ ಬೆನ್ನು ಮಾಡಿ ನಿಂತಿದ್ದಳು. ಹಿಮ ಸಣ್ಣಗೆ ಉದುರುತ್ತಿತ್ತು. ಒಂದು ಟ್ರಾಮು ಬಂದು ಅವಳನ್ನು ಮರೆಮಾಡಿತು. ಅದು ಹೋದ ಮೇಲೆ ನೋಡಿದರೆ ಅವಳು ಅಲ್ಲಿರಲಿಲ್ಲ. ಗೆರ್ಡಾ ನನ್ನ ಕೈ ಹಿಚುಕಿದಳು. “ಹೋದ್ಲೇನs?” ಎಂದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಬಾಗಿಲು ತೆರೆಯಿತು.

ಅವಳು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೋಟಿನ ಮೇಲಿನ ಹಿಮ ಕೊಡವಿ, ಮೇಲಿನ ಗುಂಡಿ ಬಿಚ್ಚಿ ಅಮ್ಮನ ಪದಕ ಕಾಣುವ ಹಾಗೆ ಮಾಡಿಕೊಂಡು, ನೇರವಾಗಿ ಹೋಗಿ ಗಾಜಿನ ಕಪಾಟಿನ ಮುಂದೆ ನಿಂತಳು. ಯಾವ ಕಪಾಟಿನ ಹಿಂದೆ ಒಂದು ಚಳಿಗಾಲ ನಿಂತಿದ್ದಳೋ ಅದರ ಮುಂದೆ.

“ಹೈ ಹೈ,” ಎಂದಳು ಎಬ್ಬಾ, ಈಗಷ್ಟೇ ನೋಡಿದವಳ ಹಾಗೆ. “ಎಂತ ಕೊಡ್ಲಿ?”

ಓಡ್ನಿಯ ತುಟಿ ಅಗಲವಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ದೇವರೇ, ಆ ಗಂಟಲಿನಿಂದ ಆ ಯಜಮಾನಿಯನ್ನು ಎಬ್ಬಿಸು ಎಂದು ಬೇಡಿಕೊಂಡೆ.

“ಆ್ಯ,” ಎಂದಳು.

ತಣ್ಣಗೆ. ಜೋರೂ ಅಲ್ಲ, ಮೆಲ್ಲಗೂ ಅಲ್ಲ. ನಮ್ಮೂರಿನ ಅಂಗಡಿಯಲ್ಲಿ ಸಕ್ಕರೆ ಕೇಳುವ ಹಾಗೆ.

“ಆ್ಯ ಒಂದು ಕಾಫಿ ತಗೋತೀನಿ. ಒಂದು ನೆಪೋಲಿಯನ್ ಕೇಕು. ಮತ್ತ ಆ ಕಿಡಕಿ ಕಡೆ ಕಣ್ಣ ಒರಸ್ಕೋತ ಕುಂತಾರಲ್ಲ ಇಬ್ಬರು ಮುದಕೇರು, ಅವರು ನಮ್ಮವರು. ಅವರಿಗೂ ಕೊಡು.”

ಕಣ್ಣು ಒರೆಸಿಕೊಳ್ಳುತ್ತಿದ್ದವಳು ಗೆರ್ಡಾ. ನಾನಲ್ಲ. ಸರಿ, ನಾನೂ. ಹೆಮ್ಮೆಗೆ ಕಣ್ಣೀರು ಬಂದರೆ ಅದಕ್ಕೆ ನಾಚಿಕೆ ಏನು? ಮೀನಿನ ಮೇಜಿನ ಮುಂದೆ ಅಷ್ಟು ಕಾಲ ಅವಳ ಪಕ್ಕದಲ್ಲಿ ನಿಂತವಳು ನಾನು, ಅವಳ ಒಂದಕ್ಷರದಲ್ಲಿ ನನ್ನದೂ ಪಾಲಿದೆ.

ಎಬ್ಬಾ ತಟ್ಟೆ ಕೈಗೆತ್ತಿಕೊಂಡು ಸುಮ್ಮನೆ ತಲೆಯಾಡಿಸಿದಳು.

ಓಡ್ನಿ ಕಪಾಟಿನ ಮೇಲೆ ಕೈ ಊರಿ, ಅವಳ ಕಡೆ ಸ್ವಲ್ಪ ಬಗ್ಗಿದಳು.

“ತಲಿ ಆಡಸಬ್ಯಾಡ ಮಗಳs,” ಎಂದಳು. “ಬಾಯಿಬಿಟ್ಟು ಹೇಳು. ಇಲ್ಲಿ ಮಾತಾಡಬೌದು.”